ತೋಟದ ಮನೆಗೆ ಯಾವ ಬೋರಿನ ಕೋವಿ ಸರಿ? ಆಪತ್ಕಾಲಕ್ಕೆ ಒಂದು ಇರಲಿ ಅಂತ

ಬೆಳ್ಳೂರಿನ ತೋಟದವ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೇಳಬೇಕು ಅಂತ ಇದ್ದೆ. ನಗಬೇಡಿ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬೆಳ್ಳೂರು ಪಂಚಾಯತಿನಲ್ಲಿ ಮೂರು ಎಕರೆ ಅಡಿಕೆ ತೋಟ. ನಡುವೆ ಬಾಳೆ, ಸ್ವಲ್ಪ ಕೊಕ್ಕೋ. ಹತ್ತಿರದ ಮನೆಗೆ ಹೋಗಬೇಕಾದರೆ ಒಂದು ಗುಡ್ಡೆ ಹತ್ತಿ ಇಳಿಯಬೇಕು. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಹೆಂಡತಿ, ಎರಡು ಮಕ್ಕಳು. ಅಪ್ಪನಿಗೆ 74. ಹೋದ ತಿಂಗಳು ಒಂದೇ ರಾತ್ರಿಯಲ್ಲಿ ಹಂದಿಗಳು ಅರುವತ್ತು ಬಾಳೆ ಕಂದು ಮಗುಚಿ ಹಾಕಿದವು. ಕಾರಡ್ಕ ಕಡೆಯಿಂದ ಆನೆ ಸುದ್ದಿ ಬೇರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ಮೊಬೈಲಿಗೆ ರೇಂಜ್ ಇಲ್ಲ. ಏನಾದರೂ ಆದರೆ ನಮ್ಮನ್ನು ನಾವೇ ನೋಡಿಕೊಳ್ಳಬೇಕು.

ರಾತ್ರಿ ನಿದ್ದೆ ಬಾರದೆ ಅಮೆರಿಕದವರ ವಿಡಿಯೋ ನೋಡುವ ಚಟ ಹಿಡಿದಿದೆ. ಅವರು ಆಪತ್ಕಾಲಕ್ಕೆ ಅಂತ ಒಂದು ರೈಫಲ್, ಅದಕ್ಕೆ ಸಾವಿರ ಸಾವಿರ ಗುಂಡು ಕೂಡಿಡುತ್ತಾರೆ. ಗುಂಡಿನ ಅಳತೆಯಲ್ಲಿ 5.56 ಒಳ್ಳೆಯದೋ .308 ಒಳ್ಳೆಯದೋ ಅಂತ ಗಂಟೆಗಟ್ಟಲೆ ಜಗಳ. ನನ್ನ ಪ್ರಶ್ನೆ ಇಷ್ಟೇ. ನಮ್ಮ ಕಡೆಗೆ ಹಂದಿಗೂ ಆಗಬೇಕು, ಕಳ್ಳಕಾಕರಿಗೂ ಆಗಬೇಕು, ಐದು ವರ್ಷಕ್ಕೆ ಸಾಕಾಗುವಷ್ಟು ಗುಂಡು ಇಟ್ಟುಕೊಳ್ಳಲೂ ಆಗಬೇಕು. ಅಂಥ ಒಂದೇ ಬೋರ್ (ನಳಿಗೆಯ ಅಳತೆ) ಯಾವುದು? .22, .315, .30-06 ಈ ಮೂರರಲ್ಲಿ ಯೋಚನೆ ಮಾಡುತ್ತಿದ್ದೇನೆ. ಅಪ್ಪನ ಹತ್ತಿರ ಒಂದು ಹಳೆ ಜೋಡಿ ನಳಿಗೆಯ ಕೋವಿ ಇದೆ, ಅದು ಲೆಕ್ಕಕ್ಕಿಲ್ಲ.

ಸುಮ್ನೆ ಓದುವವ

ಆನೆಗೆ .22 ಸಾಕು ಅಣ್ಣ. ಕಚಗುಳಿ ಇಟ್ಟ ಹಾಗೆ ಆಗಿ ನಗುತ್ತಾ ವಾಪಸ್ ಹೋಗುತ್ತದೆ.

ಬಂದಡ್ಕದ ಹವಾಲ್ದಾರ್ (ನಿವೃತ್ತ)

ತಮಾಷೆ ಆಮೇಲೆ. ತೋಟದವರೇ, ನೀವು ಪ್ರಶ್ನೆಯನ್ನು ತುದಿಯಿಂದ ಶುರು ಮಾಡಿದ್ದೀರಿ. ಬುಡದಿಂದ ಬರೋಣ.

ನಾನು ಸೇನೆಯಲ್ಲಿ ಮೊದಲು 7.62ರ ಎಸ್‌ಎಲ್‌ಆರ್ ಹಿಡಿದವ, ಆಮೇಲೆ 5.56ರ ಇನ್ಸಾಸ್. ಆ ವಿಡಿಯೋಗಳಲ್ಲಿ ಜಗಳ ಆಗುವುದು ಹೆಚ್ಚುಕಡಿಮೆ ಇವೇ ಎರಡು ಜಾತಿಯ ಗುಂಡಿನ ಬಗ್ಗೆ. ನಮ್ಮ ದೇಶದಲ್ಲಿ ಅವೆರಡೂ ನಿಷೇಧಿತ ಬೋರ್. ಸೇನೆ, ಪೊಲೀಸರ ಗುಂಡು ಯಾವ ಬಂದೂಕಿಗೆ ಹೊಂದುತ್ತದೋ ಅದು ಸಾಮಾನ್ಯ ಜನರಿಗೆ ಇಲ್ಲ. .303 ಕೂಡ ಇಲ್ಲ, 9 ಎಂಎಂ ಪಿಸ್ತೂಲೂ ಇಲ್ಲ. ಅಮೆರಿಕದವರಿಗೆ ಸೇನೆಯ ಗುಂಡು ಅಂದರೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಅನ್ನುವುದೇ ದೊಡ್ಡ ಅನುಕೂಲ. ನಮಗೆ ಅದೇ ಅಡ್ಡಿ.

ಈ .315 ಹುಟ್ಟಿದ್ದೇ ಹಾಗೆ. ಬ್ರಿಟಿಷರಿಗೆ ತಮ್ಮ .303 ಗುಂಡು ಜನರ ಕೈಗೆ ಹೋಗಬಾರದು ಅಂತ ಇತ್ತು. ಆಸ್ಟ್ರಿಯಾದ 8 ಎಂಎಂ ಮಾನ್ಲಿಕರ್ ತೋಟಾವನ್ನು (ಕಾರ್ಟ್ರಿಜ್) ತಂದು ಇಲ್ಲಿಯ ನಾಗರಿಕರಿಗೆ .315 ಅಂತ ಕೊಟ್ಟರು. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಆ ರೈಫಲ್ ತಯಾರಾಯಿತು. ನೋಡಲು ಅದೇ ಲೀ ಎನ್‌ಫೀಲ್ಡ್ ಅಣ್ಣತಮ್ಮ. 1905ರ ಆಸುಪಾಸಿನಲ್ಲಿ .450 ಬೋರನ್ನೂ ಇದೇ ಭಯಕ್ಕೆ ನಿಲ್ಲಿಸಿದ್ದರು. ಆಗ ಇಂಗ್ಲೆಂಡಿನ ಬಂದೂಕು ಕಂಪನಿಗಳು ಹುಲಿ, ಆನೆ ಬೇಟೆಯ ಸಾಹೇಬರಿಗಾಗಿ .470, .465 ಅಂತ ಹೊಸ ಬೋರುಗಳನ್ನೇ ಮಾಡಿದವು. ನಮ್ಮಲ್ಲಿ ಬೋರ್ ಅನ್ನುವುದು ಗುಂಡಿನ ವೇಗದ ಲೆಕ್ಕಾಚಾರಕ್ಕಿಂತ ಮೊದಲು ಕಾನೂನಿನ ಲೆಕ್ಕಾಚಾರ. ಇವತ್ತಿಗೂ ಹಾಗೇ.

ಉಳಿದದ್ದು ಸಂಜೆ ಬರೆಯುತ್ತೇನೆ. ರಬ್ಬರ್ ಶೀಟ್ ಒಣಗಲು ಹಾಕಬೇಕು.

ಎಣ್ಮಕಜೆ ಮಾವ

ಹವಾಲ್ದಾರರು ಹೇಳಿದ್ದು ಸರಿ. ಕಾನೂನಿನ ಪುಸ್ತಕವೇ ಉತ್ತರ ಹೇಳುತ್ತದೆ, ಯಾರೂ ಓದುವುದಿಲ್ಲ ಅಷ್ಟೇ.

1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ನೋಡಿ. ರಕ್ಷಣೆಗೋ ಬೇಟೆಯಂಥ ಕ್ರೀಡೆಗೋ ಅಂದರೆ 20 ಇಂಚಿಗೆ ಕಡಿಮೆ ಇಲ್ಲದ ನಳಿಗೆಯ, ಒಳಗೆ ಗೀರು ಇಲ್ಲದ ಕೋವಿ. ಬೆಳೆ ಕಾಯಲು ಅಂದರೆ ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಬೆಳೆ ಕಾಯಲಿಕ್ಕೂ ಮೊದಲಿನಂಥದ್ದೇ ಕೋವಿ ಕೊಡಬಹುದು. ಅಂದರೆ ನಮ್ಮ 12 ಬೋರ್. ರೈಫಲ್ ಬೇಕು ಅಂದರೆ ಅದು ಬೇರೆ ಸಾಲು. ಸರಿಯಾದ ಕಾರಣ ಇದೆ ಅಂತ ಅವರಿಗೆ ಅನ್ನಿಸಬೇಕು. 'ಆಪತ್ಕಾಲಕ್ಕೆ' ಅಂತ ಅರ್ಜಿಯಲ್ಲಿ ಬರೆದರೆ ಯಾವ ಆಪತ್ಕಾಲ ಅಂತ ಕೇಳುತ್ತಾರೆ. ಆಗ ವಿಡಿಯೋ ತೋರಿಸುತ್ತೀರಾ?

ಇನ್ನೊಂದು. ಮೊದಲು ಒಬ್ಬನಿಗೆ ಮೂರು ಇತ್ತು, 2019ರ ತಿದ್ದುಪಡಿಯ ನಂತರ ಎರಡೇ. ಲೈಸನ್ಸಿನ ಅವಧಿ ಮೂರು ವರ್ಷ ಇದ್ದದ್ದು ಐದಾಯಿತು. ಅರ್ಜಿಗೆ ವೈದ್ಯರ ಸರ್ಟಿಫಿಕೇಟು, ಕೋವಿ ಬಳಸಲು ಕಲಿತ ಸರ್ಟಿಫಿಕೇಟು, ಪೊಲೀಸ್ ವರದಿ ಎಲ್ಲ ಬೇಕು. ಗುಂಡು ಐದು ವರ್ಷಕ್ಕೆ ಕೂಡಿಡುವ ಆಸೆ ಬಿಡಿ. ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಲೈಸನ್ಸಿನಲ್ಲೇ ಬರೆದಿರುತ್ತದೆ. ಅದರ ಮೇಲೆ ಒಂದು ತೋಟಾ ಇದ್ದರೂ ಕೇಸೇ.

ನಮ್ಮ ಕಡೆಯವರು ಮರೆಯುವ ಮಾತು ಇನ್ನೊಂದಿದೆ. ಲೈಸನ್ಸು ಕೇರಳಕ್ಕೆ ಮಾತ್ರ ಅಂತ ಇದ್ದರೆ ಕೋವಿ ರಿಪೇರಿಗೆ ಅಂತ ಕಾರಿನಲ್ಲಿಟ್ಟು ಮಂಗಳೂರಿಗೆ ಹೊರಟುಬಿಡಬೇಡಿ. ಗಡಿಯ ಅಡ್ಕಸ್ಥಳ ದಾಟಿದರೆ ನಿಮ್ಮ ಲೈಸನ್ಸು ಬರೀ ಕಾಗದ. ನಮಗೆ ಮದುವೆ ಆ ಕಡೆ, ಆಸ್ಪತ್ರೆ ಆ ಕಡೆ, ಅಡಿಕೆ ಮಾರುವುದೂ ಆ ಕಡೆ. ಕೋವಿಗೆ ಮಾತ್ರ ಗಡಿ ಕಾಣಿಸುತ್ತದೆ.

ಟೆಕ್ಸಾಸಿನಲ್ಲಿರುವ ಕುಂಬಳೆಯವ

ಮಾವ ನಮಸ್ಕಾರ. ಇಲ್ಲಿಯ ಕಥೆ ಹೇಳುತ್ತೇನೆ, ಹೋಲಿಸಿ ನೋಡಬಹುದು.

ಇಲ್ಲಿ ಕಾಡುಹಂದಿ ಅಂದರೆ ಹೊರಗಿನಿಂದ ಬಂದು ಕಾಡು ಸೇರಿದ ಜಾತಿ. ಕಾನೂನಿನ ರಕ್ಷಣೆ ಇಲ್ಲ. 2019ರ ಸೆಪ್ಟೆಂಬರಿನಿಂದ ಖಾಸಗಿ ಜಾಗದಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಹಂದಿ ಹೊಡೆಯಲು ಬೇಟೆ ಲೈಸನ್ಸೂ ಬೇಡ. ರಾತ್ರಿ ಹೊಡೆಯಬಹುದು. ಹೆಲಿಕಾಪ್ಟರಿನಿಂದ ಹೊಡೆಯಲಿಕ್ಕೂ 2011ರಲ್ಲೇ ಕಾನೂನು ಆಗಿದೆ, ಸುಳ್ಳಲ್ಲ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಅರ್ಧ ಜನರ ಮನೆಯಲ್ಲಿ .223 (5.56ರ ನಾಗರಿಕ ರೂಪ) ಇದೆ, ಸ್ವಲ್ಪ ಹಳಬರ ಮನೆಯಲ್ಲಿ .308 ಅಥವಾ .30-06. ಈ ಕೊನೆಯದು 1906ರಲ್ಲಿ ಇಲ್ಲಿಯ ಸೇನೆಗೆ ಬಂದ ತೋಟಾ, ಅದಕ್ಕೇ ಆ ಹೆಸರು. ಅದೇ ದಪ್ಪದ ಗುಂಡನ್ನು ಗಿಡ್ಡ ತೋಟಾದಲ್ಲಿ ಕೂರಿಸಿದ್ದು .308, 1952ರಲ್ಲಿ ಬಂತು.

ಆದರೆ ವಿಡಿಯೋದವರು ಹೇಳದ ಒಂದು ವಿಷಯ. ಇಲ್ಲಿ ಎಲ್ಲರೂ 'ಎಲ್ಲೆಡೆ ಸಿಗುವ ಗುಂಡು ತಗೊಳ್ಳಿ' ಅನ್ನುತ್ತಾರೆ ಅಲ್ವಾ? 2013ರಲ್ಲಿ ಖಾಲಿಯಾದದ್ದು ಎಲ್ಲೆಡೆ ಸಿಗುವ .22. ಮಕ್ಕಳು ಡಬ್ಬಕ್ಕೆ ಗುರಿ ಇಟ್ಟು ಆಡುವ ಗುಂಡು, ತಿಂಗಳುಗಟ್ಟಲೆ ಕಪಾಟು ಖಾಲಿ. 2020ರಲ್ಲಿ ಮತ್ತೆ ಹಾಗೇ, ಆಗ .223, 9 ಎಂಎಂ ಎಲ್ಲ ಹೋಯಿತು. ಎಲ್ಲರೂ ಒಂದೇ ಬೋರ್ ಹಿಡಿದರೆ ಹೆದರಿಕೆ ಬಂದ ದಿನ ಎಲ್ಲರೂ ಒಂದೇ ಕಪಾಟಿಗೆ ಓಡುತ್ತಾರೆ. ಆಗ ಕೆಲವರ ಮನೆಯಲ್ಲಿ ಉಳಿದದ್ದು ಅಜ್ಜನ ಕಾಲದ 12 ಬೋರಿನ ಪಕ್ಷಿ ಹೊಡೆಯುವ ತೋಟಾ. ಅದನ್ನು ಯಾರೂ ಕೇಳಿರಲಿಲ್ಲ.

ಬೆಳ್ಳೂರಿನ ತೋಟದವ

ಉಪಕಾರ ಆಯಿತು. ಆದರೆ 12 ಬೋರ್ ಅಂದರೆ ಮೂವತ್ತು ನಲುವತ್ತು ಮೀಟರಿನ ಆಟ. ರೈಫಲ್ ಆದರೆ ಇನ್ನೂರು ಮೀಟರ್ ಬಾಳುತ್ತದೆ. ಹಣ ಕೊಟ್ಟು ತೆಗೆದುಕೊಳ್ಳುವಾಗ ಶಕ್ತಿ ಜಾಸ್ತಿ ಇರುವುದನ್ನೇ ತಗೊಳ್ಳಬೇಕಲ್ಲ?

ದೇಲಂಪಾಡಿಯ ಕೃಷಿಕ

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ಹಂದಿ ಹೊಡೆಯಲು ಪಂಚಾಯತಿನ ಪಟ್ಟಿಯಲ್ಲಿ ಇರುವ ಶೂಟರ್. ಕೈಯಲ್ಲಿರುವುದು 12 ಬೋರ್ ಜೋಡಿ ನಳಿಗೆ. ಶೂಟರ್ ಅಂದ ಕೂಡಲೇ ಏನೋ ಅಂದುಕೊಳ್ಳಬೇಡಿ, ಹಗಲು ಅಡಿಕೆ ಸುಲಿಸುವವನೇ.

ನಿಮ್ಮ ತೋಟದಲ್ಲಿ ಇನ್ನೂರು ಮೀಟರ್ ನೇರ ಕಾಣುವ ಜಾಗ ಎಲ್ಲಿದೆ ಹೇಳಿ. ಅಡಿಕೆ ಮರಗಳ ನಡುವೆ, ರಾತ್ರಿ, ಟಾರ್ಚಿನ ಬೆಳಕಿನಲ್ಲಿ ನಾನು ಹಂದಿಗೆ ಹೊಡೆದದ್ದೆಲ್ಲ ಹದಿನೈದು ಇಪ್ಪತ್ತೈದು ಮೀಟರಿನ ಒಳಗೆ. ಅದಕ್ಕಿಂತ ದೂರ ಹಂದಿಯೇ ಕಾಣುವುದಿಲ್ಲ, ಬರೀ ಸದ್ದು. ಸದ್ದಿಗೆ ಗುಂಡು ಹೊಡೆಯುವವ ಕೋವಿ ಹಿಡಿಯಬಾರದು.

ಈಗ ಶಕ್ತಿಯ ಮಾತು. ನಾನು ಹಾಕುವುದು ಎಸ್‌ಜಿ ತೋಟಾ. ಒಂದರಲ್ಲಿ ಎಂಟೊಂಬತ್ತು ದಪ್ಪ ಚಿಲ್ಲು (ಸೀಸದ ಕಾಳು) ಇರುತ್ತದೆ, ಒಂದೊಂದೂ ಎಂಟು ಎಂಎಂ ಮೇಲೆ. ಎಲ್‌ಜಿ ಅದಕ್ಕಿಂತ ದಪ್ಪ, ಆದರೆ ಚಿಲ್ಲು ಕಡಿಮೆ. ಬಿಬಿ, ನಾಲ್ಕು, ಆರು ನಂಬರ್ ಎಲ್ಲ ಸಣ್ಣ ಕಾಳು. ಅದನ್ನು ಹಂದಿಗೆ ಹೊಡೆದರೆ ಗಾಯ ಮಾಡಿ ಓಡಿಸಿದ ಹಾಗೆ. ಗಾಯವಾದ ಹಂದಿ ನಾಳೆ ಬೆಳಿಗ್ಗೆ ಹುಲ್ಲಿಗೆ ಹೋದ ಹೆಂಗಸಿನ ಮೇಲೆ ಬೀಳುತ್ತದೆ. .22 ಕೂಡ ಹಾಗೇ, ಹಂದಿಯ ಮಟ್ಟಿಗೆ ಅದನ್ನು ಮರೆತುಬಿಡಿ.

ರೈಫಲಿನ ಗುಂಡು ಹಂದಿಯನ್ನು ದಾಟಿ ಹೋಗುತ್ತದೆ. ಹಂದಿಗೆ ತಾಗದಿದ್ದರಂತೂ ಕೇಳುವುದೇ ಬೇಡ. ಪುಟ್ಟ .22 ಗುಂಡೇ ಒಂದೂವರೆ ಮೈಲು ಹೋಗಬಹುದು. .30-06 ಮೂರು ಕಿಲೋಮೀಟರಿಗೂ ಆಚೆ. ಎಸ್‌ಜಿ ಚಿಲ್ಲೂ ಅರ್ಧ ಕಿಲೋಮೀಟರ್ ದಾಟೀತು, ಅದೂ ಆಟದ ಸಾಮಾನು ಅಲ್ಲ. ಆದರೆ ರೈಫಲಿಗೂ ಅದಕ್ಕೂ ವ್ಯತ್ಯಾಸ ನೋಡಿ. ನಮ್ಮ ಊರಲ್ಲಿ ಮನೆಗಳು ಒಂದು ಕಡೆ ಗುಂಪಾಗಿ ಇಲ್ಲ. ಗುಡ್ಡೆಗೊಂದು, ಕಣಿಗೊಂದು. ಯಾವ ದಿಕ್ಕಿಗೆ ಹೊಡೆದರೂ ಎಲ್ಲೋ ಒಂದು ಹಂಚಿನ ಮಾಡು ಇದ್ದೇ ಇದೆ.

ಒಂದು ಘಟನೆ ಹೇಳುತ್ತೇನೆ. ಎರಡು ವರ್ಷದ ಹಿಂದೆ, ಬೆಳಗಿನ ಜಾವ ನಾಲ್ಕು ಗಂಟೆ ಇರಬಹುದು. ಒಬ್ಬರ ಮರಗೆಣಸಿನ ಗದ್ದೆಗೆ ನಾಲ್ಕು ಹಂದಿ ಬಂದಿದ್ದವು. ದೊಡ್ಡದೊಂದು ಅಡ್ಡ ನಿಂತಿತು. ನಾನು ಕೋವಿ ಎತ್ತಿದ್ದೆ. ಹಂದಿಯ ಹಿಂದೆ, ಮೇಲಿನ ರಬ್ಬರ್ ತೋಟದಲ್ಲಿ, ಒಂದು ಸಣ್ಣ ಬೆಳಕು ಮಿಣುಕಿತು. ಮಿಂಚುಹುಳ ಅಂದುಕೊಂಡೆ. ಮತ್ತೆ ಮಿಣುಕಿತು, ಮರದಿಂದ ಮರಕ್ಕೆ ಹೋಯಿತು. ತಲೆಗೆ ಲೈಟು ಕಟ್ಟಿಕೊಂಡು ಟ್ಯಾಪಿಂಗ್ ಮಾಡುವವ. ಆ ಹೊತ್ತಿಗೆ ರಬ್ಬರ್ ತೋಟದಲ್ಲಿ ಜನ ಇರುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ, ನನ್ನ ತಮ್ಮನೇ ಟ್ಯಾಪಿಂಗಿಗೆ ಹೋಗುತ್ತಿದ್ದ. ಆದರೂ ಹಂದಿ ಕಂಡಾಗ ಮರೆತಿತ್ತು. ಕೋವಿ ಇಳಿಸಿದೆ. ಹಂದಿ ಹೋಯಿತು. ಗದ್ದೆಯವರು ನನಗೆ ಬೈದರು. ಬೈಯಲಿ.

ಆಮೇಲೆ ನಾನು ಒಂದು ಪಾಠ ಮಾಡಿಕೊಂಡಿದ್ದೇನೆ. ಹಂದಿಯ ಹಿಂದೆ ಮಣ್ಣಿನ ಬರೆ ಇದ್ದರೆ ಮಾತ್ರ ಹೊಡೆಯುವುದು. ನಾನು ಮೇಲೆ, ಹಂದಿ ಕೆಳಗೆ, ಗುಂಡು ಮಣ್ಣಿಗೆ. ಏರಿನ ತಲೆಯಲ್ಲಿ ಆಕಾಶಕ್ಕೆ ಆನಿಸಿ ನಿಂತ ಹಂದಿಗೆ ಯಾವ ಬೋರಿನಿಂದಲೂ ಹೊಡೆಯುವುದಿಲ್ಲ.

ಬಂದಡ್ಕದ ಹವಾಲ್ದಾರ್ (ನಿವೃತ್ತ)

ದೇಲಂಪಾಡಿಯವರೇ, ಕೋವಿ ಇಳಿಸಿದ್ದಕ್ಕೆ ಕೈಮುಗಿದೆ. ಸೇನೆಯಲ್ಲಿ ಮೊದಲು ಕಲಿಸುವುದೇ ಗುರಿಯ ಹಿಂದೆ ಏನಿದೆ ಅಂತ ನೋಡಲು. ನಿವೃತ್ತಿಯಾದ ಮೇಲೆ ನಮ್ಮವರೇ ಮರೆಯುತ್ತಾರೆ.

ಸಂಜೆ ಬರೆಯುತ್ತೇನೆ ಅಂದಿದ್ದೆ, ಇಷ್ಟು ಸೇರಿಸುತ್ತೇನೆ. 12 ಬೋರ್ ಅಂದರೆ ಏನು ಅಂತ ಮೊಮ್ಮಗ ಕೇಳಿದ. ಒಂದು ಪೌಂಡ್ ಸೀಸದಲ್ಲಿ ಸಮನಾದ ಹನ್ನೆರಡು ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ಅಷ್ಟು ನಳಿಗೆಯ ಬಾಯಿ. ಸುಮಾರು 18.5 ಎಂಎಂ. ಅದಕ್ಕೇ 20 ಬೋರ್ ಅಂದರೆ 12ಕ್ಕಿಂತ ಸಣ್ಣದು, ನಂಬರ್ ದೊಡ್ಡದಾದರೂ. ರೈಫಲಿನ .315, .22 ಹಾಗಲ್ಲ, ಅವು ಇಂಚಿನ ಲೆಕ್ಕ. ಎರಡು ಬೇರೆ ಬೇರೆ ತಕ್ಕಡಿ, ಜನ ಒಂದರಲ್ಲೇ ತೂಗುತ್ತಾರೆ.

ತೋಟದವರು .315 ಕೇಳಿದ್ದರು. ಒಳ್ಳೆಯ ರೈಫಲ್, ನಮ್ಮಲ್ಲೇ ಆಗುವ ತೋಟಾ, 244 ಗ್ರೇನಿನ ಭಾರದ ಗುಂಡು. ಹಂದಿ ಬಿದ್ದಲ್ಲಿ ಬೀಳುತ್ತದೆ. ಉತ್ತರಪ್ರದೇಶದ ಬಯಲಿನಲ್ಲಿ ಸರಿ. ನಮ್ಮ ಕಣಿ ಗುಡ್ಡೆಗೆ ಸರಿಯಲ್ಲ, ಇಷ್ಟೇ ನನ್ನ ಮಾತು. ಆ ವಿಡಿಯೋ ಮಾಡುವವನ ಹಿಂದೆ ಐದು ಮೈಲು ಖಾಲಿ ಜಾಗ ಇರುತ್ತದೆ, ಗಮನಿಸಿದ್ದೀರಾ?

ಕರಿಕೆ ಕಡೆಯವ

ಕೊಡಗಿನಿಂದ ನಾನು. ನಮ್ಮಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಕೋವಿಗೆ ಲೈಸನ್ಸಿನ ವಿನಾಯಿತಿ ಇದೆ. ಕೇಂದ್ರ ಅದನ್ನು 2029ರ ಅಕ್ಟೋಬರಿನವರೆಗೆ ಮುಂದುವರಿಸಿದೆ. ಗಡಿಯಾಚೆ ಕೇರಳದ ಪಾಣತ್ತೂರಿನಲ್ಲಿರುವ ಭಾವ ಪ್ರತಿ ಸಲ ಕೇಳುತ್ತಾನೆ, 'ನಿನ್ನ ಕೋವಿ ಎರಡು ದಿನ ಕೊಡು, ಹಂದಿ ಜಾಸ್ತಿಯಾಗಿದೆ' ಅಂತ. ನನ್ನ ವಿನಾಯಿತಿ ನನಗೆ, ಅವನಿಗಲ್ಲ. ಅವನ ಮನೆ ನನ್ನ ಮನೆಯಿಂದ ಕೂಗಿದರೆ ಕೇಳುವ ದೂರದಲ್ಲಿ ಇದ್ದರೂ ಅಷ್ಟೇ.

ನಮ್ಮಲ್ಲೂ ಕೈಲ್ ಮುಹೂರ್ತಕ್ಕೆ ಪೂಜೆಗೆ ಇಡುವುದು ಹೆಚ್ಚಾಗಿ ಹಳೆ 12 ಬೋರೇ. ರೈಫಲ್ ಇರುವವರು ಕಡಿಮೆ.

ಪೈವಳಿಕೆಯಿಂದ

ಇಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೆ. ಬೇಲಿಗೆ ಒಂದು ತಂತಿ ಎಳೆದು ಕರೆಂಟು ಕೊಟ್ಟರೆ ಆಯಿತು. ಲೈಸನ್ಸೂ ಬೇಡ ಗುಂಡೂ ಬೇಡ. ಇಲ್ಲದಿದ್ದರೆ ಒಂದು ಕೇಪಿನ ಕೋವಿ (ಬಾಯಿಂದ ಮದ್ದು ತುಂಬುವ ನಾಡಕೋವಿ) ಗುಟ್ಟಾಗಿ ಮಾಡಿಸಿದರೆ ಆಯಿತು.

ಎಣ್ಮಕಜೆ ಮಾವ

ಪೈವಳಿಕೆಯವರೇ, ಹಿರಿಯನಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ಆ ತಂತಿಗೆ ಹಂದಿಗಿಂತ ಮೊದಲು ಸಿಗುವುದು ಬೆಳಿಗ್ಗೆ ಅಡಿಕೆ ಹೆಕ್ಕಲು ಬರುವ ಹೆಂಗಸು, ದನ ಹುಡುಕಿಕೊಂಡು ಬಂದ ಮಗು. ಲೈನಿನಿಂದ ನೇರ ಎಳೆದ ತಂತಿ ಕೊಲೆಯೇ. ಸೋಲಾರ್ ಬೇಲಿ ಬೇರೆ, ಅದು ಮಿಡಿದು ಮಿಡಿದು ಹೊಡೆಯುತ್ತದೆ, ಕೊಲ್ಲುವುದಿಲ್ಲ. ಎರಡನ್ನೂ ಒಂದೇ ಅನ್ನಬೇಡಿ. ಲೈಸನ್ಸ್ ಇಲ್ಲದ ಕೇಪಿನ ಕೋವಿ ಅಂದರೆ ಜೈಲು, ಮತ್ತೆ ಅದು ಎಲ್ಲಿ ಒಡೆಯುತ್ತದೆ ಅಂತ ಮಾಡಿದವನಿಗೂ ಗೊತ್ತಿರುವುದಿಲ್ಲ.

ಹಂದಿಯ ಬಗ್ಗೆ ಎಲ್ಲರಿಗೂ ತಿಳಿದಿರಲಿ. ನಿಮ್ಮದೇ ತೋಟ, ನಿಮ್ಮದೇ ಲೈಸನ್ಸು, ಆದರೂ ನಿಮ್ಮಷ್ಟಕ್ಕೆ ಹಂದಿ ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಪಂಚಾಯತ್ ಅಧ್ಯಕ್ಷರಿಗೆ, ನಗರಸಭೆಯ ಅಧ್ಯಕ್ಷರಿಗೆ ಆ ಅಧಿಕಾರ ಕೊಟ್ಟಿತು. ಅವರು ಆದೇಶ ಕೊಡಬೇಕು, ಪಟ್ಟಿಯಲ್ಲಿರುವ ಲೈಸನ್ಸುದಾರ ಹೊಡೆಯಬೇಕು. ವಿಷ, ಸ್ಫೋಟಕ, ಕರೆಂಟು ಯಾವುದೂ ಇಲ್ಲ. ಮಾಂಸ ತಿನ್ನುವ ಹಾಗಿಲ್ಲ, ಹೂಳಬೇಕು. ಹಂದಿಯನ್ನು ಉಪದ್ರವದ ಪ್ರಾಣಿ ಅಂತ ಘೋಷಿಸಿ ಅಂತ ರಾಜ್ಯ ಕೇಳಿತ್ತು, ಕೇಂದ್ರ ಒಪ್ಪಲಿಲ್ಲ.

ಸುಮ್ನೆ ಓದುವವ

ಹೂಳುವ ವಿಷಯದಲ್ಲಿ ಮಾತ್ರ ಕಾನೂನು ಬಹಳ ಕಠಿಣ ಅನ್ನಿಸುತ್ತದೆ ಮಾವ.

ಬದಿಯಡ್ಕದ ಟೀಚರಕ್ಕ

ನಾನು ಕೋವಿ ಹಿಡಿದವಳಲ್ಲ. ಆದರೆ 'ಆಪತ್ಕಾಲ' ಅನ್ನುವ ಪದ ಓದಿದ್ದಕ್ಕೆ ಬರೆಯುತ್ತಿದ್ದೇನೆ.

ತಮ್ಮಾ, ನಮ್ಮ ಊರಿಗೆ ನಿಜವಾದ ಆಪತ್ಕಾಲ ಒಮ್ಮೆ ಬಂದಿದೆ. 2020ರ ಮಾರ್ಚ್ ಕೊನೆಯ ವಾರ. ಲಾಕ್‌ಡೌನಿನಲ್ಲಿ ಗಡಿ ಮುಚ್ಚಿ ತಲಪಾಡಿಯಲ್ಲಿ ಆಂಬುಲೆನ್ಸನ್ನೂ ಬಿಡಲಿಲ್ಲ, ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದವರು ನಾವು. ದಾರಿಯಲ್ಲೇ ಜೀವ ಹೋದವರಿದ್ದಾರೆ. ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಆರು ದಿನಕ್ಕೆ ಮಾತ್ರ ಉಳಿದಿತ್ತು. ಮಾವನವರ ಕಪಾಟಿನಲ್ಲಿ ಇಪ್ಪತ್ತೈದು ತೋಟಾ ಇತ್ತು. ಅವರೇ ಅದನ್ನು ನೋಡಿ ಹೇಳಿದರು, 'ಇದನ್ನು ಕೊಟ್ಟು ಯಾರಾದರೂ ಒಂದು ಬಾಟ್ಲಿ ಇನ್ಸುಲಿನ್ ಕೊಡ್ತಾರಾ ಕೇಳು' ಅಂತ. ಕೊನೆಗೆ ಕುಂಬಳೆಯಿಂದ ಒಬ್ಬರು ಬೈಕಿನಲ್ಲಿ ತಂದುಕೊಟ್ಟರು.

ನಿಮ್ಮ ಅಪ್ಪ ಅಮ್ಮನಿಗೆ ಮಾತ್ರೆ ಏನಾದರೂ ಇದ್ದರೆ ಒಂದು ತಿಂಗಳ ದಾಸ್ತಾನು ಯಾವಾಗಲೂ ಇರಲಿ. ಇನ್ಸುಲಿನ್ ಇದ್ದರೆ, ತೆರೆಯದ ಬಾಟ್ಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ. ಕರೆಂಟು ಮೂರು ದಿನ ಹೋಗುವ ಮನೆಯಾದರೆ ದೊಡ್ಡ ಮಣ್ಣಿನ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಹೊಯಿಗೆ, ಮೇಲೆ ಒದ್ದೆ ಬಟ್ಟೆ. ತಂಪಾಗಿ ಉಳಿಯುತ್ತದೆ. ಬಳಸಲು ಶುರುಮಾಡಿದ ಬಾಟ್ಲಿ ಬಿಸಿಲು ತಾಗದಿದ್ದರೆ ಸುಮಾರು ನಾಲ್ಕು ವಾರ ಹೊರಗೂ ಇರುತ್ತದೆ.

ಕಳ್ಳರ ಮಾತು ಬಂತಲ್ಲ. 2024ರ ಜುಲೈಯಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲೂ ಆತ್ಮರಕ್ಷಣೆಯ ಹಕ್ಕು ಇದೆ, 34ರಿಂದ 44ನೇ ಸೆಕ್ಷನ್. ಆದರೆ ಅಂಗಳದಲ್ಲಿ ಒಣಹಾಕಿದ ಅಡಿಕೆ ತುಂಬಿಕೊಂಡು ಓಡುವವನ ಬೆನ್ನಿಗೆ ಗುಂಡು ಹೊಡೆಯಲು ಆ ಹಕ್ಕು ಸಾಲುವುದಿಲ್ಲ. ಅವನು ಆಸ್ಪತ್ರೆಗೆ, ನೀವು ಜೈಲಿಗೆ. ಮತ್ತೆ ಮನೆಯಲ್ಲಿ ಮಕ್ಕಳಿದ್ದಾರೆ ಅಂದಿರಿ. ಕೋವಿ ಒಂದು ಕಡೆ ಬೀಗದಲ್ಲಿ, ತೋಟಾ ಬೇರೆ ಕಡೆ ಬೀಗದಲ್ಲಿ. ನಡುರಾತ್ರಿ ಕಳ್ಳ ಬಂದಾಗ ಎರಡು ಬೀಗ ತೆಗೆಯುವಷ್ಟರಲ್ಲಿ ಅವನು ಮುಳ್ಳೇರಿಯ ತಲುಪಿರುತ್ತಾನೆ. ಒಂದು ಒಳ್ಳೆಯ ನಾಯಿ ಸಾಕಿ.

ಬೆಳ್ಳೂರಿನ ತೋಟದವ

ಅಕ್ಕಾ, ನೀವು ಹೇಳಿದ್ದು ನಾಟಿತು. ಅಮ್ಮನಿಗೂ ಇನ್ಸುಲಿನ್ ಇದೆ. 2020ರಲ್ಲಿ ನಾನು ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ಇವರು ಹೇಗೆ ಕಳೆದರು ಅಂತ ಸರಿಯಾಗಿ ಕೇಳಿಯೇ ಇರಲಿಲ್ಲ. ಇವತ್ತು ಕೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕೋವಿಗೆ ಬರುತ್ತೇನೆ. ಹಾಗಾದರೆ ಹೊಸದಾಗಿ ಒಂದು 12 ಬೋರಿಗೆ ಅರ್ಜಿ ಹಾಕುವುದೇ ಸರಿಯಾ?

ಎಣ್ಮಕಜೆ ಮಾವ

ಹೊಸದು ಯಾಕೆ? ಅಪ್ಪನದ್ದು ಇದೆ ಅಂತ ನೀವೇ ಮೊದಲ ಪೋಸ್ಟಿನಲ್ಲಿ ಬರೆದಿದ್ದೀರಿ, ಲೆಕ್ಕಕ್ಕಿಲ್ಲ ಅಂತ. 2016ರ ಆಯುಧ ನಿಯಮದಲ್ಲಿ 25ನೆಯದು ಓದಿ. ಲೈಸನ್ಸುದಾರನಿಗೆ 70 ದಾಟಿದರೆ, ಇಲ್ಲವೇ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಲೈಸನ್ಸು ಕೇಳಬಹುದು. ಅಪ್ಪನಿಗೆ 74. ನಿಮಗೂ ತರಬೇತಿ, ವೈದ್ಯರ ಸರ್ಟಿಫಿಕೇಟು ಎಲ್ಲ ಬೇಕು, ಅದು ತಪ್ಪುವುದಿಲ್ಲ. ಆದರೆ ಹೊಸ ಕೋವಿಯ ಹಣ ಉಳಿಯುತ್ತದೆ. ಲೈಸನ್ಸು ನವೀಕರಣ ಆಗಿದೆಯಾ ಮೊದಲು ನೋಡಿ. ನಿಮ್ಮ ಹೆಸರಿಗೆ ಆಗುವವರೆಗೆ ಅಪ್ಪ ಜೊತೆಗಿಲ್ಲದೆ ನೀವು ಅದನ್ನು ಅಂಗಳಕ್ಕೂ ತರಬೇಡಿ.

ನಾನು ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಅಪ್ಪಂದಿರು ಹೋದ ಮೇಲೆ ಕೋವಿ ಅಟ್ಟದಲ್ಲಿ ಉಳಿದು, ಮಕ್ಕಳು ಠಾಣೆಗೆ ಅಲೆದದ್ದನ್ನು ನೋಡಿದ್ದೇನೆ. ಯಜಮಾನ ತೀರಿಕೊಂಡ ಕೂಡಲೇ ಅದನ್ನು ಠಾಣೆಗೋ ಲೈಸನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು. ದುಃಖದಲ್ಲಿ ಯಾರಿಗೂ ನೆನಪಿರುವುದಿಲ್ಲ.

ದೇಲಂಪಾಡಿಯ ಕೃಷಿಕ

ಹಳೆ ಕೋವಿಯಾದರೆ ಒಂದು ಎಚ್ಚರ. ನಳಿಗೆಯ ಬುಡದಲ್ಲಿ ಕೊಠಡಿಯ ಉದ್ದ ಕೊರೆದಿರುತ್ತದೆ, 65 ಅಥವಾ 70 ಅಂತ, ಇಲ್ಲವೇ ಎರಡೂವರೆ ಇಂಚು, ಎರಡೂಮುಕ್ಕಾಲು ಇಂಚು ಅಂತ. 65ರ ಕೋವಿಗೆ 70ರ ತೋಟಾ ಹಾಕಬಾರದು. ಒಳಗೆ ಕೂರುತ್ತದೆ, ಅದೇ ಮೋಸ. ಹೊಡೆದಾಗ ತೋಟಾದ ಬಾಯಿ ಬಿಡಿಸಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಅಂಗಡಿಯಲ್ಲಿ ಶಕ್ತಿಮಾನ್ ಬ್ರಾಂಡಿನ ತೋಟಾ ಕೊಡಿ ಅಂದರೆ ಸಾಲದು, ಉದ್ದ ಹೇಳಿ ಕೇಳಿ.

ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಡಲು ಹೇಳುತ್ತಾರೆ, ಅದಕ್ಕೂ ತಯಾರಿರಿ. ಬೆಳೆ ಬಲಿಯುವ ಹೊತ್ತಿಗೆ ಸರಿಯಾಗಿ ಚುನಾವಣೆ ಬರುತ್ತದೆ. ಹಂದಿಗಳಿಗೆ ಯಾರು ತಿಳಿಸುತ್ತಾರೋ ಏನೋ, ಆ ತಿಂಗಳು ಮೆರವಣಿಗೆಯೇ.

ಆನೆ ಬಂದರೆ ಮಾತ್ರ ಕೋವಿ ಮುಟ್ಟಬೇಡಿ, ಆಕಾಶಕ್ಕೂ ಬೇಡ. ಹೆದರಿದ ಆನೆ ಎತ್ತ ಓಡುತ್ತದೆ ಹೇಳಲು ಆಗದು. ಒಳಗೆ ಕೂತು ಅರಣ್ಯ ಇಲಾಖೆಯ ತುರ್ತು ಪಡೆಗೆ (ಆರ್‌ಆರ್‌ಟಿ) ಫೋನ್ ಮಾಡಿ. ರೇಂಜ್ ಸಿಗುವ ಮೂಲೆ ಮನೆಯಲ್ಲಿ ಯಾವುದು ಅಂತ ಇವತ್ತೇ ಹುಡುಕಿಟ್ಟುಕೊಳ್ಳಿ.

ಟೆಕ್ಸಾಸಿನಲ್ಲಿರುವ ಕುಂಬಳೆಯವ

ಇಲ್ಲಿ ಯಾರಾದರೂ 'ಆಪತ್ಕಾಲಕ್ಕೆ ಯಾವ ಬೋರ್' ಅಂತ ಕೇಳಿದರೆ ನಲುವತ್ತು ಪುಟ ಗುಂಡಿನ ವೇಗದ ಮಾತೇ. ನಮ್ಮಲ್ಲಿ ಮಡಕೆಗೆ ಒದ್ದೆ ಹೊಯಿಗೆ ಹಾಕುವಲ್ಲಿಗೆ ಬಂತು. ಖುಷಿಯಾಯಿತು.

ಬೆಳ್ಳೂರಿನ ತೋಟದವ

ಹತ್ತು ದಿನ ಆಯಿತು, ಆದದ್ದು ಹೇಳುತ್ತೇನೆ.

ಅಪ್ಪನ ಲೈಸನ್ಸು ನವೀಕರಣ ಆಗಿದೆ, ಇನ್ನೂ ಎರಡು ವರ್ಷ ಇದೆ. 'ನೀನು ಕೇಳಲೇ ಇಲ್ಲ' ಅಂದರು. ವಾರಸುದಾರನ ಅರ್ಜಿಗೆ ಕಾಗದ ಸೇರಿಸುತ್ತಿದ್ದೇನೆ. ತರಬೇತಿಗೆ ಹೆಸರು ಕೊಟ್ಟಿದ್ದೇನೆ. ಅಮ್ಮನ ಇನ್ಸುಲಿನ್ ಒಂದು ತಿಂಗಳಿಗೆ ಮುಂಚಿತವಾಗಿ ತಂದಿಟ್ಟೆ, ಎರಡು ಮಡಕೆ ನೀರಿನ ಹಳೆ ಸುರಂಗದ ಬಾಯಿಯಲ್ಲಿ ಇಟ್ಟಿದ್ದೇನೆ. ಅಲ್ಲಿ ಬೇಸಿಗೆಯಲ್ಲೂ ತಂಪು. ರೇಂಜ್ ಸಿಗುವ ಮೂಲೆ ಬಚ್ಚಲಿನ ಹಿಂದೆ ಸಿಕ್ಕಿತು.

ಅಪ್ಪನೂ ನಾನೂ ಸೇರಿ ಕೋವಿ ಹೊರಗೆ ತೆಗೆದೆವು. ಬುಡದಲ್ಲಿ 70 ಅಂತಲೇ ಇದೆ. ಕಳೆದ ಚುನಾವಣೆಯ ನಂತರ ಠಾಣೆಯಿಂದ ತಂದು ಹಾಗೇ ಗೋಡೆಗೆ ಆನಿಸಿಟ್ಟು ಬೀಗ ಹಾಕಿದ್ದರಂತೆ, ಮತ್ತೆ ತೆಗೆದೇ ಇಲ್ಲ. ಬುಡದಲ್ಲಿ ಮಡಚಿ ತೆರೆದು ಬೆಳಕಿಗೆ ಹಿಡಿದರೆ ಎಡಗಡೆ ನಳಿಗೆಯಲ್ಲಿ ಆಕಾಶ ಕಂಡಿತು. ಬಲಗಡೆಯದರಲ್ಲಿ ಕತ್ತಲು. ಕೋಲು ತೂರಿಸಿದರೆ ಮುಕ್ಕಾಲು ದೂರ ಹೋಗಿ ನಿಂತಿತು. ನಿಧಾನಕ್ಕೆ ಕುಟ್ಟಿದಾಗ ಕೆಂಪು ಮಣ್ಣಿನ ಉಂಡೆ ಉದುರಿತು, ಒಳಗೆ ಒಣಗಿದ ಜೇಡಗಳು. ಕಣಜ ಗೂಡು ಕಟ್ಟಿತ್ತು.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಹೋದ ತಿಂಗಳು ಹಂದಿ ಬಂದ ರಾತ್ರಿ ಬೀಗದ ಕೀ ಹುಡುಕಿದ್ದರಂತೆ. ಸಿಕ್ಕಿರಲಿಲ್ಲ.

ಬಂದಡ್ಕದ ಹವಾಲ್ದಾರ್ (ನಿವೃತ್ತ)

ಕೋಲಿನಲ್ಲಿ ಕುಟ್ಟಿದ್ದು ಸಾಕು. ಲೈಸನ್ಸ್ ಇರುವ ಗನ್‌ಸ್ಮಿತ್ ನೋಡದೆ ಒಂದು ತೋಟಾವನ್ನೂ ಹಾಕಬೇಡಿ. ಕೋವಿಯನ್ನು ಅಪ್ಪನೇ ಒಯ್ಯಲಿ, ನೀವು ಜೊತೆಗೆ ಹೋಗಿ. ಲೈಸನ್ಸಿನ ಮೂಲಪ್ರತಿ ಕೈಯಲ್ಲಿರಲಿ.